ನಾಲ್ಕೂ ಗಾಲಿ ತಿರುಗಿದ ಎಳ್ಳಮಾವಾಸ್ಯೆ

ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕಿಸುವುದು ಹೇಗೆಂದು ಬಲ್ಲವನಿಗೆ ಮೋಟಾರು ಗಾಡಿಯ ರಿಪೇರಿ ಯಾವ ಲೆಕ್ಕ? ಶಹಾಪುರದ ಬಜಾರಿನಲ್ಲಿ ಭಾಂಡೆ-ಪಾತ್ರೆಯ ಅಂಗಡಿ ಇಟ್ಟುಕೊಂಡು ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಾಡಿ ಅಂದರೆ ಏನು? ಒಂದು ದೊಡ್ಡ ಪಾತ್ರೆ, ಅದರ ಕೆಳಗೆ ನಾಲ್ಕು ಗಾಲಿ. ಅಷ್ಟೇ!

ಇಷ್ಟಕ್ಕೂ ನಾನು ಗಾಡಿಯ ಉಸಾಬರಿಗೆ ಬಿದ್ದದ್ದು ಶೋಕಿಗಲ್ಲ, ಅತ್ತೆಗಾಗಿ. ನನ್ನ ಹೆಂಡತಿ ಮಹಾದೇವಿಯ ತಾಯಿ ಶರಣಮ್ಮನವರು ಗೋಗಿಯಲ್ಲಿ ಮಗ ಸಿದ್ದಣ್ಣನ ಜೊತೆ ಇದ್ದಾರೆ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆ ಹಿಡಿದು, ಎಡೆಯ ಒಂದಿಷ್ಟನ್ನು ಚರಗವೆಂದು ಬೆಳೆಯ ಸಾಲಿನಲ್ಲಿ ಚೆಲ್ಲಿ ಉಣ್ಣುವುದು ಪದ್ಧತಿ. ಅತ್ತೆಯವರಿಗೆ ಅದರ ಮೇಲೆ ಇನ್ನೊಂದು ಕಾರಣವೂ ಉಂಟು. ತೀರಿಹೋದ ನನ್ನ ಮಾವನವರನ್ನು ಮಣ್ಣು ಮಾಡಿದ ಗದ್ದುಗೆ ಅದೇ ಹೊಲದ ಬದುವಿನಲ್ಲಿದೆ. ಆದರೆ ಈಚೆಗೆ ಅವರ ಸೊಂಟ ಕೈಕೊಟ್ಟಿತು. ಬಂಡಿಯ ಕುಲುಕಾಟ ತಡೆಯದು, ಟ್ರ್ಯಾಕ್ಟರಿನ ಟ್ರೇಲರ್ ಹತ್ತಲಾಗದು, ಬೈಕಿನ ಮೇಲೆ ಕೂರುವ ಮಾತೇ ಇಲ್ಲ.

"ನಮ್ಮವ್ವ ಹಬ್ಬದ ದಿನ ಹೊಸ್ತಿಲದಾಗ ಕುಂತು ಹೊಲದ ಕಡಿ ಮಾರಿ ಮಾಡಿ ಕೈ ಮುಗೀತಾಳ್ರಿ," ಎಂದು ಮಹಾದೇವಿ ಒಂದು ದಿನ ಹೇಳಿದಳು. ಮುಂದಿನ ಸಲ ಗೋಗಿಗೆ ಹೋದಾಗ ಎಲ್ಲರೆದುರು ಘೋಷಿಸಿಯೇಬಿಟ್ಟೆ.

"ಅತ್ತಿ, ಬರೋ ಎಳ್ಳಮಾಸಿಗೆ ನಿಮ್ಮನ್ನ ಹೊಲಕ್ಕ ಕರ್ಕೊಂಡು ಹೋಗೋ ಜುಮ್ಮೆದಾರಿ ನಂದು. ಮೆತ್ತನ್ನ ಸೀಟಿನ್ಯಾಗ ಕುಂದ್ರಿಸಿ!"

"ಮಾಮಾ, ಕಾಲುವಿ ನೀರು ಬಸದು ಹೊಲದ ದಾರಿ ಪೂರಾ ರಾಡಿ ಆಗ್ಯಾದ," ಎಂದ ಸಿದ್ದಣ್ಣ. "ಆ ಎರಿ ಮಣ್ಣಾಗ ಯಾವ ಕಾರೂ ಹೋಗಂಗಿಲ್ಲ. ನಮ್ಮ ಎತ್ತಿಗೇ ಕಷ್ಟ."

ಎತ್ತಿಗೇ ಕಷ್ಟ! ಆ ಮಾತು ನನ್ನ ತಲೆಯಲ್ಲಿ ಕೂತಿತು. ಎತ್ತನ್ನು ಮೀರಿಸುವ ವಾಹನದ ಶೋಧ ಅಂದೇ ಆರಂಭವಾಯಿತು.

ಅದು ಸಿಕ್ಕಿದ್ದು ಯಾದಗಿರಿಯಲ್ಲಿ, ಬಾಗಿಲು ಮುಚ್ಚಿದ ಒಂದು ಹತ್ತಿ ಮಿಲ್ಲಿನ ಹಿತ್ತಲಲ್ಲಿ. ಮುಂದೆ ಜೀಪಿನ ಮುಖ, ಹಿಂದೆ ಸಾಮಾನು ಹೇರುವ ತೊಟ್ಟಿ, ನಡುವೆ ಜಾಲಿ ಗಿಡ. "ನಾಲ್ಕೂ ಗಾಲಿ ಎಳೀತಾವ್ರಿ ಇದರವು. ಕೆಸರಿರ್ಲಿ, ಕಲ್ಲಿರ್ಲಿ, ಬೇಫಿಕರ್ ಹೋಗ್ತಾದ," ಎಂದ ಅಲ್ಲಿನ ಕಾವಲುಗಾರ. ಆ ಕ್ಷಣದಲ್ಲಿ ನಾಲ್ಕರಲ್ಲಿ ಒಂದು ಗಾಲಿಯಲ್ಲೂ ಗಾಳಿ ಇರಲಿಲ್ಲ ಎಂಬ ಕ್ಷುಲ್ಲಕ ಅಂಶವನ್ನು ನಾನು ಪರಿಗಣಿಸಲಿಲ್ಲ. ವ್ಯಾಪಾರ ಕುದುರಿತು. ಆದರೆ ಗಾಡಿ ಒಯ್ಯುವಂತಿರಲಿಲ್ಲ. ಡ್ರೈವರ್ ಸೀಟಿನ ಕೆಳಗೆ ಕಾವಲುಗಾರನ ಕೋಳಿ ಕಾವಿಗೆ ಕುಳಿತಿತ್ತು!

"ಮರಿ ಹೊರಗ ಬರೋ ತನಕ ಗಾಡಿ ಅಳ್ಳಾಡಸಬ್ಯಾಡ್ರಿ, ಸಾಹುಕಾರ್ರ. ಪಾಪ ತಟ್ಟತಾದ."

ಪಾಪಕ್ಕೆ ಹೆದರುವವನು ನಾನು. ಹಾಗಾಗಿ ದಿನವೂ ಅಂಗಡಿಯ ಬಾಗಿಲು ತೆರೆದ ಮೇಲೆ ಯಾದಗಿರಿಗೆ ಫೋನು ಮಾಡಿ, "ತತ್ತಿ ಹ್ಯಾಂಗವ? ಒಡದಾವೇನು?" ಎಂದು ವಿಚಾರಿಸತೊಡಗಿದೆ. ಒಂದು ದಿನ ಬುತ್ತಿ ತಂದ ಮಹಾದೇವಿಯ ಕಿವಿಗೆ ಇದು ಬಿತ್ತು.

"ಏನ್ರಿ ಇದು! ಕೊಳ್ಳಾಗ ಲಿಂಗ ಕಟ್ಕೊಂಡು ತತ್ತಿ ವ್ಯಾಪಾರ ಸುರು ಮಾಡೀರೇನು?"

ಮಧ್ಯಾಹ್ನವಿಡೀ ಸಮಜಾಯಿಷಿ ಕೊಟ್ಟೆ. ಬಜಾರಿಗೆ ಮಾತ್ರ ಇಂದಿಗೂ ಕೊಡುತ್ತಲೇ ಇದ್ದೇನೆ.

ಅಂತೂ ಮರಿಗಳು ಹೊರಬಂದವು, ಗಾಡಿಯೂ ಹೊರಬಂತು. ಟ್ರ್ಯಾಕ್ಟರಿನ ಹಿಂದೆ ಸರಪಳಿ ಕಟ್ಟಿಸಿಕೊಂಡು ಶಹಾಪುರ ಪ್ರವೇಶ ಮಾಡಿದಾಗ ಸ್ಟೇರಿಂಗ್ ಹಿಡಿದು ಕುಳಿತ ನಾನು ಎರಡೂ ಕಡೆ ಜನರಿಗೆ ಕೈ ಬೀಸಿದೆ. ಜನರೂ ಬೀಸಿದರು. ಕೆಲವರು ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದರು. ಧೂಳು ಇರಬೇಕು ಎಂದುಕೊಂಡೆ.

ರಿಪೇರಿಯ ಮೊದಲ ಅಧ್ಯಾಯವನ್ನು ನಾನೇ ಬರೆದೆ. ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಎಂಜಿನ್ ಬಿಚ್ಚಿದೆ. ಬಿಚ್ಚುವವರೆಗೆ ವಿಡಿಯೋ ಬಹಳ ಚೆನ್ನಾಗಿತ್ತು. ಜೋಡಿಸುವ ಭಾಗಕ್ಕೆ ಬಂದಾಗ ನೆಟ್‌ವರ್ಕ್ ಹೋಯಿತು. ಇದ್ದ ಬುದ್ಧಿಯಿಂದ ಜೋಡಿಸಿದೆ. ಕೊನೆಗೆ ಒಂದು ಹಿಟ್ಟಿನ ಡಬ್ಬಿ ತುಂಬ ನಟ್ಟು, ಬೋಲ್ಟು, ಸ್ಪ್ರಿಂಗು ಉಳಿದವು. ಗ್ಯಾರೇಜಿನ ಚಾಂದ್‌ಪಾಶಾನನ್ನು ಕರೆಸಿದೆ. ಅವನು ಡಬ್ಬಿಯನ್ನು ಅಲ್ಲಾಡಿಸಿ ನೋಡಿದ.

"ಸೇಠ್‌ಜಿ, ಇವೆಲ್ಲ ಹೊರಗಿದ್ರ ಗಾಡ್ಯಾಗ ಏನದ?"

"ಜಾಗಾ ಖುಲ್ಲಾ ಆಗ್ಯಾದಪಾ. ಗಾಡಿ ಹಗೂರ ಓಡ್ತಾದ."

ಚಾಂದ್‌ಪಾಶಾ ಆಕಾಶ ನೋಡಿ ಏನೋ ಬೇಡಿಕೊಂಡು ಕೆಲಸಕ್ಕಿಳಿದ. ಒಳ್ಳೆಯ ಕೆಲಸಗಾರ, ಆದರೆ ವೈರಿಂಗ್ ಅವನ ಇಲಾಖೆಯಲ್ಲ. ಅದನ್ನೂ ಅವನೇ ಮಾಡಿದ. ಪರಿಣಾಮವಾಗಿ ಬ್ರೇಕ್ ಒತ್ತಿದರೆ ಹಾರ್ನ್ ಹೊಡೆಯುತ್ತಿತ್ತು. ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು. ವೈಪರ್ ಹಚ್ಚಿದರೆ ಏನೂ ಆಗುತ್ತಿರಲಿಲ್ಲ. ಪ್ರಥಮ ಪರೀಕ್ಷಾರ್ಥ ಸಂಚಾರದ ದಿನ ನಾನು ಬಜಾರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಹಾರ್ನ್ ಹೊಡೆಯಿತು, ಗಾಡಿ ನಿಲ್ಲಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಹೊಡೆಯಿತು! ಜನ ದಾರಿ ಬಿಟ್ಟರು. ಗಾಡಿ ನೆಟ್ಟಗೆ ನನ್ನ ಅಂಗಡಿಗೇ ಹೋಗಿ, ಮೆಟ್ಟಿಲಿನ ಮೇಲೆ ಪೇರಿಸಿದ್ದ ಕೊಡಗಳ ನಡುವೆ ನಿಂತಿತು. ಕೊಡಗಳು ಉರುಳುತ್ತ ಬಸ್ ಸ್ಟ್ಯಾಂಡಿನ ಕಡೆ ಹೊರಟವು. ಆ ವರ್ಷ ನನ್ನ ಅಂಗಡಿಗೆ ಅಷ್ಟು ಅವಸರದಿಂದ ಬಂದ ಗಿರಾಕಿ ಇನ್ನೊಂದಿಲ್ಲ.

ಮಹಾದೇವಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಬೈಯಲಿಲ್ಲ. "ಅವ್ವಗ ಮಾತು ಕೊಟ್ಟೀರಿ. ಹಬ್ಬ ಹತ್ತರ ಬಂತು," ಎಂದಷ್ಟೇ ಅಂದಳು. ಬೈದಿದ್ದರೆ ವಾಸಿಯಿತ್ತು.

ಬ್ರೇಕ್ ಸರಿಯಾಯಿತು. ಹಾರ್ನ್ ಮಾತ್ರ ಬ್ರೇಕಿನ ಸಂಗ ಬಿಡಲಿಲ್ಲ, ಇರಲಿ ಎಂದು ಬಿಟ್ಟೆವು. ಗಾಡಿಯನ್ನು ಒಪ್ಪಿಸುವ ದಿನ ಚಾಂದ್‌ಪಾಶಾ ನನ್ನನ್ನು ಪಕ್ಕಕ್ಕೆ ಕರೆದ. "ಸೇಠ್‌ಜಿ, ಒಂದ್ ಮಾತು ಚಂದಾಗಿ ಕೇಳ್ರಿ. ಬರೇ ಒಳಗಿನ ಲಿವರ್ ಜಗ್ಗಿದ್ರ ನಾಲ್ಕೂ ಗಾಲಿ ಎಳೆಯಂಗಿಲ್ಲ. ಮೊದಲು ಕೆಳಗಿಳದು ಮುಂದಿನ ಎರಡೂ ಗಾಲಿ ನಡುವಿನ..." ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರು ಹಾರ ತಂದು ಗಾಡಿಗೂ ನನಗೂ ಹಾಕಿದರು. ಫೋಟೋ ತೆಗೆಯುತ್ತಿದ್ದರು. ನಾನು ಮುಖವನ್ನು ಕ್ಯಾಮೆರಾದ ಕಡೆ ಇಟ್ಟುಕೊಂಡೇ, "ಗೊತ್ತದ, ಗೊತ್ತದ, ಬಿಡಪಾ," ಎಂದೆ. ಫೋಟೋ ಬಹಳ ಚೆನ್ನಾಗಿ ಬಂದಿದೆ.

ಉಳಿದದ್ದು ಬಣ್ಣ. ಬಣ್ಣವೆಂದರೆ ಸುರಪುರ. ಅಲ್ಲಿಯ ಪೇಂಟರ್ ತಿಪ್ಪಣ್ಣ, ರಾಜರ ಕಾಲದಿಂದ ತನ್ನ ಮನೆತನದಲ್ಲಿ ಕುಂಚ ಇದೆ ಎನ್ನುವ ಮನುಷ್ಯ. ಗಾಡಿಗೆ ಹಸಿರು ಬಣ್ಣ ಬಳಿದ, ಹಿಂಬದಿಗೆ ನಂದಿಯನ್ನು ಬರೆದ. ಮುಂದಿನ ಒಂದೊಂದು ಗಾಲಿಯ ನಡುಮಧ್ಯದಲ್ಲೂ ಬಟ್ಟಲಿನಂಥ ದುಂಡನೆಯ ಉಬ್ಬು ಕಂಡಿತು. ನನಗೆ ಭಕ್ತಿ ಉಕ್ಕಿತು.

"ಎರಡಕ್ಕೂ ಮೂರು ಬಟ್ಟು ವಿಭೂತಿ ಬರಿ, ತಿಪ್ಪಣ್ಣ. ನಡುವ ಕುಂಕುಮದ ಬಟ್ಟು ಇಡು. ಥೇಟ್ ಲಿಂಗ ಕಂಡಂಗ ಕಾಣಬೇಕು."

"ಸಾಹುಕಾರ್ರ, ಇದು ತಿರುಗೋ ಸಾಮಾನು ಇದ್ದಂಗದಲ್ರಿ?"

"ಗಾಲಿ ಅಂದಮ್ಯಾಲ ತಿರುಗಲೇಬೇಕಲ್ಲಪಾ! ದಪ್ಪಗ ಹಚ್ಚು. ಅಳಸಬಾರದು."

ತಿಪ್ಪಣ್ಣ ಸಂದುಗೊಂದಿಯೊಂದನ್ನೂ ಬಿಡದೆ ದಪ್ಪಗೆ ಹಚ್ಚಿದ. ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿದ.

ಎಳ್ಳಮಾವಾಸ್ಯೆ ಬಂತು. ಗೋಗಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದೆ, ಅಂದರೆ ಹಾರ್ನ್ ಹೊಡೆದೆ. ಅತ್ತೆ ಇಳಕಲ್ ಸೀರೆ ಉಟ್ಟು, ಬೆಳಗಿನಿಂದಲೇ ಹೊಸ್ತಿಲಲ್ಲಿ ಕಾಯುತ್ತಿದ್ದರು. ಮಹಾದೇವಿ ಕೈ ಹಿಡಿದು ಸೀಟಿಗೆ ಹತ್ತಿಸಿದಳು. ಅತ್ತೆ ಸೀಟನ್ನು ಒತ್ತಿ ನೋಡಿದರು. "ಖರೇನ ಮೆತ್ತಗದಲ್ಲ!" ಎಂದು ನಕ್ಕರು. ಆ ನಗುವಿಗೆ ನನ್ನ ಎದೆ ಎರಡು ಗೇಣು ಉಬ್ಬಿತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿಗಳು ಹಿಂದಿನ ತೊಟ್ಟಿಗೆ ಏರಿದವು, ಅವುಗಳ ಪಕ್ಕದಲ್ಲಿ ಮಹಾದೇವಿ ಕುಳಿತಳು. ಸಿದ್ದಣ್ಣ ಮಕ್ಕಳನ್ನು ತುಂಬಿಕೊಂಡು ಬಂಡಿ ಕಟ್ಟಿದ.

"ಎತ್ತಿಗ್ಯಾಕ ತ್ರಾಸ್ ಕೊಡ್ತಿ? ಇದರಾಗೇ ಬಾ," ಎಂದೆ ಔದಾರ್ಯದಿಂದ.

"ಇರ್ಲಿ ಮಾಮಾ. ಹಿಂದಿಂದ ಬರ್ತೀನಿ," ಎಂದ. ಆ ಧ್ವನಿ ನನಗೆ ಹಿಡಿಸಲಿಲ್ಲ.

ಕಾಲುವೆ ದಾಟಿದೊಡನೆ ರಾಡಿ ಸುರುವಾಯಿತು. ಹೊಲ ಕಣ್ಣಳತೆಯಲ್ಲೇ ಇತ್ತು. ಜೋಳದ ತೆನೆಗಳ ಆಚೆ ಗದ್ದುಗೆಯ ಮೇಲಿನ ಬನ್ನಿ ಗಿಡವೂ ಕಾಣುತ್ತಿತ್ತು. ಅತ್ತೆ ಅತ್ತಲೇ ನೋಡುತ್ತಿದ್ದರು. "ಈಗ ನೋಡ್ರಿ ಅತ್ತಿ, ನಾಲ್ಕೂ ಗಾಲಿ!" ಎಂದು ಲಿವರ್ ಜಗ್ಗಿ ರೇಸ್ ಕೊಟ್ಟೆ. ಹಿಂದಿನ ಗಾಲಿಗಳು ಭರ್ರೆಂದು ತಿರುಗಿ ಬುಟ್ಟಿಗಳಿಗೂ ಮಹಾದೇವಿಗೂ ಕೆಸರಿನ ಅಭಿಷೇಕ ಮಾಡಿದವು. ಮುಂದಿನವು ಧ್ಯಾನದಲ್ಲಿದ್ದವು. ಗಾಡಿ ಇಳಿಯಿತು. ಮುಂದಕ್ಕಲ್ಲ, ಕೆಳಕ್ಕೆ!

ಚಾಂದ್‌ಪಾಶಾಗೆ ಫೋನು ಹಚ್ಚಿದೆ.

"ಮುಂದಿನ ಗಾಲಿ ನಡುವಿನ ನಾಬ್ ತಿರುವೀರೇನ್ರಿ?"

"ಯಾವ ನಾಬು?"

"ಅದೇ ರೀ, ಬಟ್ಟಲ ಇದ್ದಂಗಿಲ್ಲ? ಅದನ್ನ ಕೈಲೆ ತಿರುವದ ಹೊರ್ತು ಮುಂದಿನ ಗಾಲಿ ಎಳೆಯಂಗಿಲ್ಲಂತ ಅವತ್ತೇ ಹೇಳೀನಲ್ರಿ!"

ಕೆಸರಿಗಿಳಿದು ನೋಡಿದೆ. ಸಾಕ್ಷಾತ್ ಲಿಂಗ! ವಿಭೂತಿ ಥಳಥಳ ಹೊಳೆಯುತ್ತಿತ್ತು. ಹಿಡಿದು ತಿರುಗಿಸಿದೆ. ಜಪ್ಪಯ್ಯ ಎನ್ನಲಿಲ್ಲ. ಸುರಪುರದ ಕುಂಚ ಅದನ್ನು ಗಾಲಿಗೆ ಶಾಶ್ವತವಾಗಿ ಐಕ್ಯ ಮಾಡಿತ್ತು. ತೊಟ್ಟಿಯಲ್ಲಿದ್ದ ಕುಡುಗೋಲು ತೆಗೆದುಕೊಂಡು ಕೆರೆಯಲು ಹೋದರೆ ಮಹಾದೇವಿ ಕೆಸರು ಮೆತ್ತಿದ ಮುಖದಲ್ಲೇ ಚೀರಿದಳು. "ಹಬ್ಬದ ದಿನ ವಿಭೂತಿ ಕೆರೀತೀರೇನ್ರಿ? ಕೈ ತಗೀರಿ!"

ನಾನು ಕುಡುಗೋಲು ಹಿಡಿದು ರಾಡಿಯಲ್ಲಿ ನಿಂತೆ. ಒಳಗೆ ಅತ್ತೆ ಸೆರಗಿನ ತುದಿ ತಿರುವುತ್ತ ಕುಳಿತಿದ್ದರು. "ಇರ್ಲಿ ಬಿಡ್ರಿ ಅಳಿಯದೇವ್ರ. ಇಲ್ಲಿತನ ಬಂದೀನಲ್ಲ. ಇಲ್ಲಿಂದನೇ ಕೈ ಮುಗೀತೀನಿ," ಎಂದರು. ನನಗೆ ನಾಚಿಕೆಯಾಯಿತು. ನಿಜಕ್ಕೂ ಕಣ್ಣು ತುಂಬಿ ಬಂತು. ಆಗ ಹಿಂದಿನಿಂದ ಗೆಜ್ಜೆಯ ಸಪ್ಪಳ ಕೇಳಿತು.

ಸಿದ್ದಣ್ಣ ಬಂಡಿಯಿಂದ ಇಳಿದ. ಬಂಡಿಯ ಕೊಳ್ಳು ಹರಿದು, ಎತ್ತುಗಳನ್ನು ನೊಗದಿಂದ ಬಿಚ್ಚಿ ತಂದು, ನನ್ನ ಗಾಡಿಯ ಮುಂದೆ ಹಗ್ಗ ಹಾಕಿ ಕಟ್ಟಿದ. "ಅವ್ವಾ, ನೀ ಇಳೀಬ್ಯಾಡ. ಮಾಮಾ, ನೀವು ಸ್ಟೇರಿಂಗ್ ಹಿಡೀರಿ. ಉಳದದ್ದ ಏನೂ ಮುಟ್ಟಬ್ಯಾಡ್ರಿ." ನಾನು ಏನನ್ನೂ ಮುಟ್ಟಲಿಲ್ಲ. ಒಮ್ಮೆ ರೂಢಿಯಿಂದ ಬ್ರೇಕ್ ತುಳಿದೆ. ಹಾರ್ನ್ ಹೊಡೆಯಿತು. ಎತ್ತುಗಳು ಬೆದರಿ ಒಂದೇ ಏಟಿಗೆ ಗಾಡಿಯನ್ನು ರಾಡಿಯಿಂದ ಹೊರಗೆ ಎಳೆದವು! ಇಡೀ ರಿಪೇರಿಯಲ್ಲಿ ಉಪಯೋಗಕ್ಕೆ ಬಂದದ್ದು ಆ ತಪ್ಪು ವೈರಿಂಗ್ ಒಂದೇ.

ಹೀಗೆ ಎಂಜಿನ್ ಬಂದ್ ಮಾಡಿಕೊಂಡು, ಎತ್ತಿನ ಹಿಂದೆ ಮೆಲ್ಲಗೆ ತೇಲುತ್ತ, ನಾವು ಗದ್ದುಗೆಯ ಮುಂದೆ ಇಳಿದೆವು. ಅತ್ತೆಗೆ ಒಂದು ಕುಲುಕೂ ಆಗಿರಲಿಲ್ಲ. ಅವರು ಗದ್ದುಗೆಯ ಮೇಲೆ ಕೈಯಿಟ್ಟು ಕುಳಿತರು. ಆಮೇಲೆ, "ನೋಡ್ರಿ, ಅಳಿಯ ಗಾಡಿ ಮಾಡ್ಕೊಂಡು ಕರ್ಕೊಂಡು ಬಂದಾನ," ಎಂದು ಮಾವನವರಿಗೆ ಹೇಳಿದರು. ಯಾವ ಗಾಡಿ, ಹೇಗೆ ಬಂತು ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಅವರದು ದೊಡ್ಡ ಮನಸ್ಸು. ಚರಗ ಚೆಲ್ಲುತ್ತ ಕೂಗುವಾಗ ಅವರ ಧ್ವನಿ ಜೋಳದ ಹೊಲದ ಆಚೆ ಬದುವಿನವರೆಗೂ ಕೇಳಿಸಿತು.

ಉಂಡಾದ ಮೇಲೆ ಅತ್ತೆ ನನ್ನನ್ನು ಕರೆದು ಎಲೆ ಅಡಿಕೆ ಕೊಟ್ಟರು. "ಬರೋ ಎಳ್ಳಮಾಸಿಗೂ ನಾ ಇದರಾಗೇ ಬರಾಕಿ. ಭಾಳ ಚಲೋ ಗಾಡಿ. ಒಂದೇ ಮಾತು, ಅಳಿಯದೇವ್ರ. ಎಂಜಿನ್ ಮಾತ್ರ ಚಾಲೂ ಮಾಡಬ್ಯಾಡ್ರಿ."

ಅತ್ತೆಯ ಮಾತು ಮೀರುವ ಅಳಿಯ ನಾನಲ್ಲ. ಗಾಡಿ ಈಗ ಗ್ಯಾರೇಜಿನಲ್ಲಿಲ್ಲ, ಗೋಗಿಯ ಬಡಿಗೇರನ ಅಂಗಳದಲ್ಲಿದೆ. ಮುಂದೆ ನೊಗ ಕೂಡಿಸುತ್ತಿದ್ದಾನೆ.