ಮರೆಪ್ಪ ಮಲಗಲು ಹೋದದ್ದು

ಎಲ್ಲಕ್ಕೂ ಕಾರಣ ಒಂದು ಆಕಳಿಕೆ.

ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿದು, ಸುರಕ್ಷತೆಯ ಮೀಟಿಂಗು ನಡೆದಿತ್ತು. ಎಚ್‌ಆರ್ ವಿಭಾಗದ ಶಿವಾನಿ ಮೇಡಂ ಪರದೆಯ ಮೇಲೆ ಬೆಂಕಿ ಆರಿಸುವುದು ಹೇಗೆಂದು ತೋರಿಸುತ್ತಿದ್ದಾಗ, ಪ್ಯಾಕಿಂಗ್ ಲೈನಿನ ಮರೆಪ್ಪನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು. ಸಣ್ಣಗೆ ತೆರೆದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಅದು ರೈಲು ಸುರಂಗದ ಹಾಗೆ ತೆರೆದು, ಒಳಗಿನಿಂದ ಗೂಡ್ಸ್ ಗಾಡಿ ಬಂದಂತೆ ಸದ್ದು ಮಾಡಿ, ಪಕ್ಕದವರಿಗೆ ಅಂಟಿ, ಹಿಂದಿನವರಿಗೆ ಹರಡಿ, ಕೊನೆಗೆ ಶಿವಾನಿ ಮೇಡಂ ಅವರ ಬಾಯಿಯನ್ನೂ ತೆರೆಸಿಬಿಟ್ಟಿತು.

ಮೀಟಿಂಗ್ ಮುಗಿದ ಮೇಲೆ ಮೇಡಂ ಅವನನ್ನು ಕರೆದರು. ಕೆಲಸ ಹೋಯಿತೆಂದೇ ಮರೆಪ್ಪ ತಲೆ ತಗ್ಗಿಸಿ ನಿಂತ.

“ಮರೆಪ್ಪ, ನೀವು ಲಾಸ್ಟ್ ರಿಲ್ಯಾಕ್ಸ್ ಮಾಡಿದ್ದು ಯಾವಾಗ?”

“ತಪ್ಪಾತ್ರಿ ಮೇಡಂ. ಇನ್ನ ಮುಂದ ಮಾಡಂಗಿಲ್ರಿ.”

“ಅಯ್ಯೋ, ಮಾಡಿ ಅಂತಾನೇ ಹೇಳ್ತಿರೋದು ಕಣ್ರೀ!”

ಶಿವಾನಿ ಮೇಡಂ ಆಗತಾನೇ ‘ನೌಕರರ ನೆಮ್ಮದಿ’ ಎಂಬ ತರಬೇತಿ ಮುಗಿಸಿ ಬಂದಿದ್ದರು. ನೆಮ್ಮದಿ ಕೊಡಲು ಒಬ್ಬ ನೌಕರ ಬೇಕಾಗಿದ್ದ. ಈ ಆಕಳಿಕೆ ಅವನ ವಿಳಾಸ ತೋರಿಸಿತ್ತು. ಅತ್ತಿಬೆಲೆ ದಾಟಿದ ಮೇಲೆ, ಕೆರೆಯ ಪಕ್ಕ, ಹಳೆಯ ಕಾಲದ ಪಾಳು ಮಂಟಪದ ಬಳಿ ‘ನಿಶ್ಚಿಂತೆ’ ಎಂಬ ಸಣ್ಣ, ದುಬಾರಿ ಬೊಟಿಕ್ ಹೋಟೆಲು. ಮ್ಯಾನೇಜರುಗಳಿಗಾಗಿ ಕಂಪನಿ ಅಲ್ಲೊಂದು ಕೋಣೆ ಹಿಡಿದಿಟ್ಟಿತ್ತು. ಈ ಭಾನುವಾರ ಅದು ಖಾಲಿ. ಬೆಳಗಿನಿಂದ ಸಂಜೆಯವರೆಗೆ ಅದು ಮರೆಪ್ಪನದು.

“ಒಂದೇ ಕಂಡೀಷನ್. ಅಲ್ಲಿ ಅವ್ರು ಏನೇ ಆಫರ್ ಮಾಡಿದ್ರೂ ನೋ ಅನ್ಬಾರ್ದು. ಸಂಜೆ ನಾನು ಅವ್ರನ್ನೇ ಕೇಳ್ತೀನಿ.”

“ಅಲ್ಲಿ ಮಂಚ ಐತೇನ್ರಿ ಮೇಡಂ?”

“ಮಂಚಾನಾ? ಕಿಂಗ್ ಸೈಜ್ ಇದೆ!”

ಮರೆಪ್ಪನ ಕಣ್ಣು ತುಂಬಿ ಬಂತು. ಅದಕ್ಕೆ ಕಾರಣವಿತ್ತು. ಕಾರ್ಖಾನೆಯ ಹಿಂದಿನ ವಠಾರದಲ್ಲಿ ಅವನಿಗಿದ್ದದ್ದು ಒಂದು ಮಂಚದಲ್ಲಿ ಅರ್ಧ. ಅಗಲದಲ್ಲಿ ಅರ್ಧವಲ್ಲ, ಹೊತ್ತಿನಲ್ಲಿ ಅರ್ಧ. ಹಗಲು ಪಾಳಿಯ ರೇವಣಸಿದ್ದ ರಾತ್ರಿ ಮಲಗುತ್ತಿದ್ದ, ರಾತ್ರಿ ಪಾಳಿಯ ಮರೆಪ್ಪ ಹಗಲು. ಇಬ್ಬರೂ ಲಿಂಗಸುಗೂರಿನ ಕಡೆಯವರೇ ಆದರೂ ಮೆಟ್ಟಿಲಲ್ಲಿ ಎದುರಾಗಿ ‘ಬಂದ್ಯಾ?’ ‘ಹೊಂಟ್ಯಾ?’ ಅನ್ನುವಷ್ಟೇ ಸ್ನೇಹ. ಭಾನುವಾರ ಮಾತ್ರ ಈ ವ್ಯವಸ್ಥೆ ಕೆಡುತ್ತಿತ್ತು. ರೇವಣಸಿದ್ದನಿಗೆ ಅಂದು ರಜೆ. ಹಗಲೂ ಅವನೇ ಮಂಚದ ಒಡೆಯ. ಮರೆಪ್ಪ ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ, ನೆರಳು ಸರಿದಂತೆಲ್ಲ ತಾನೂ ಸರಿಯುತ್ತ, ಗಡಿಯಾರದ ಮುಳ್ಳಿನ ಹಾಗೆ ಟ್ಯಾಂಕು ಸುತ್ತಿಕೊಂಡು ಮಲಗುತ್ತಿದ್ದ. ರಾತ್ರಿ ಮತ್ತೆ ಡ್ಯೂಟಿ.

ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದಾಗ ರೇವಣಸಿದ್ದ ಹೊದಿಕೆಯೊಳಗಿನಿಂದಲೇ ಕೇಳಿದ: “ಎಲ್ಲಿಗಲೇ, ಮದುವಿಗೇನು?”

“ಮಕ್ಕೊಳ್ಳಾಕ ಹೊಂಟೀನಿ.”

“ಇಸ್ತ್ರಿ ಅಂಗಿ ಹಾಕ್ಕೊಂಡು ಮಕ್ಕೊಳ್ಳೋ ಮಗನ್ನ ಇವತ್ತ ನೋಡಿದೆ,” ಎಂದು ರೇವಣಸಿದ್ದ ಮಗ್ಗುಲು ಬದಲಿಸಿದ.

ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ನಡೆಯುವಾಗ ಮರೆಪ್ಪನಿಗೆ ಆಗಲೇ ಲೋಕ ಸ್ವಲ್ಪ ಮೃದುವಾದಂತೆ ಕಂಡಿತು. ಲಾರಿಗಳ ಸದ್ದು ಹತ್ತಿಯಲ್ಲಿ ಸುತ್ತಿಟ್ಟಂತೆ ದೂರವಾಯಿತು. ಕೆರೆಯ ಮೇಲೆ ಮಂಜು ತೇಲುತ್ತಿತ್ತು. ಆಚೆ ದಡದ ಕಾರ್ಖಾನೆಯ ಚಿಮಣಿಯೊಂದು ಆ ಮಂಜಿನಲ್ಲಿ ಬುಡವಿಲ್ಲದೆ ನಿಂತಿತ್ತು. ಈಚೆ ದಡದಲ್ಲಿ ಮಂಟಪ: ಅರ್ಧ ಕಂಬಗಳು ನಿಂತು, ಉಳಿದರ್ಧ ತಮ್ಮ ಪಾಳಿ ಮುಗಿಯಿತೆಂಬಂತೆ ಹುಲ್ಲಿನಲ್ಲಿ ಮಲಗಿದ್ದವು. ಮರೆಪ್ಪನಿಗೆ ಆ ಮಲಗಿದ ಕಂಬಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಹೋಟೆಲಿನ ಒಡೆಯ ಮುನಿಯಣ್ಣ ಬಾಗಿಲಲ್ಲೇ ಸಿಕ್ಕ. ರಾಗಿ ಹೊಲ ಮಾರಿ, ಉಳಿದ ತೋಟದ ಮನೆಯನ್ನು ಹೋಟೆಲು ಮಾಡಿದವನು. ಬಂದವರನ್ನು ನೆಂಟರೆಂದೇ ತಿಳಿದಿದ್ದ, ಅದೇ ತೊಂದರೆ.

“ಬನ್ನಿ ಸಾರ್, ಬನ್ನಿ! ಯಾವೂರಾಯ್ತು?”

“ರಾಯಚೂರು ಜಿಲ್ಲಾರಿ.”

“ಅಂಗಾದ್ರೆ ಈ ಮಂಟಪ ನಿಮ್ಮೋರದೇ. ಇಜಯನಗರದ ಕಾಲದ್ದು!” ಹಿಂದೆಯೇ ತಮಿಳು ದಂಪತಿ ಕಾರಿನಿಂದ ಇಳಿದರು. ಮುನಿಯಣ್ಣ ಅತ್ತ ತಿರುಗಿ, “ಬನ್ನಿ ಬನ್ನಿ, ಚೋಳ್ರು ಕಟ್ಸಿದ್ದು!” ಎಂದ.

“ನನ್ನ ರೂಮ್ ಎಲ್ಲೈತ್ರಿ?” ಎಂದು ಮರೆಪ್ಪ ಕೇಳುವಷ್ಟರಲ್ಲಿ ರಕ್ಷಿತಾ ಬಂದಳು. ಅತಿಥಿಗಳ ವಿಶ್ರಾಂತಿಯ ಹೊಣೆ ಅವಳದು. ಬಿಳಿಯ ಉಡುಪು, ಪಿಸುಮಾತು.

“ಸಾರ್, ರೂಮಿಗೆ ಹೋಗೋ ಮುಂಚೆ ಪಾದಸ್ನಾನ?”

ಒಲ್ಲೆ ಅನ್ನುವಂತಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟದ್ದೇ ರೆಪ್ಪೆಗಳು ಮುಚ್ಚಿಕೊಂಡವು. ಇನ್ನೇನು ಮುಳುಗಬೇಕು, ಯಾರೋ ಅವನ ಕಿರುಬೆರಳನ್ನು ಪಟಕ್ಕನೆ ಎಳೆದು ನೆಟಿಕೆ ತೆಗೆದರು. ಆಮೇಲೆ ಅವನನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಕಂಚಿನ ಬಟ್ಟಲಿಟ್ಟರು. ಇದು ವಾಸಿ ಅಂದುಕೊಂಡು ಕಣ್ಣು ಮುಚ್ಚಿದ. ರಕ್ಷಿತಾ ಬಟ್ಟಲಿಗೆ ಹೊಡೆದಳು. ‘ಝೇಂ’ ಎಂದ ಸದ್ದಿಗೆ, ಪಾಳಿಯ ಗಂಟೆಯೆಂದು ತಿಳಿದು ಮರೆಪ್ಪ ಎದ್ದು ಸಾಲಿನಲ್ಲಿ ನಿಂತುಬಿಟ್ಟ. ಬಟ್ಟಲು ಉರುಳಿಕೊಂಡು ಹೋಗಿ ತಮಿಳು ದಂಪತಿಗಳ ನಡುವೆ ಧ್ಯಾನಕ್ಕೆ ಕೂತಿತು.

ಅಂತೂ ಕೋಣೆ ಸಿಕ್ಕಿತು. ಬಾಗಿಲು ತೆಗೆದ ಮರೆಪ್ಪ ಹೊಸ್ತಿಲಲ್ಲೇ ನಿಂತ. ಮಂಚ! ಹುಣ್ಣಿಮೆಯನ್ನು ಒಗೆದು ಹಾಸಿದಂತೆ ಬಿಳಿಯಾಗಿ, ಈ ಅಂಚಿನಿಂದ ಆ ಅಂಚಿಗೆ ಹೋಗಲು ಆಟೋ ಬೇಕೆನ್ನುವಷ್ಟು ಅಗಲವಾಗಿತ್ತು. ಚಪ್ಪಲಿ ಬಿಟ್ಟು, ದೇವರ ಗುಡಿಗೆ ಹೋಗುವಂತೆ ಮೆಲ್ಲಗೆ ಹತ್ತಿ ಮಲಗಿದ. ಬೆನ್ನು ಕರಗಿತು. ಊರಿನ ಹತ್ತಿ ಹೊಲದ ಮೇಲೆ ತಾನು ತೇಲುತ್ತಿರುವಂತೆ...

ಟಕ್ ಟಕ್.

“ಸಾರ್,” ರಕ್ಷಿತಾ ಪಿಸುಗುಟ್ಟಿದಳು, “ದಿಂಬು ಯಾವ್ದು ಬೇಕು? ಬೂರುಗದ ಹತ್ತಿ, ರಾಗಿ ಹೊಟ್ಟು, ಲಾವಂಚ?”

ಯಾವುದಕ್ಕೂ ಒಲ್ಲೆ ಅನ್ನದೆ ಎಲ್ಲವನ್ನೂ ತೆಗೆದುಕೊಂಡು, ಅವುಗಳ ನಡುವೆ ಜಾಗ ಮಾಡಿಕೊಂಡು ಮತ್ತೆ ಮಲಗಿದ. ಹತ್ತಿ ಹೊಲ ತಿರುಗಿ ಬಂತು.

ಟಕ್ ಟಕ್ ಟಕ್. ಮುನಿಯಣ್ಣ.

“ನಿದ್ದೆ ಎಂಗ್ ಬತ್ತಾ ಐತೆ ಸಾರ್?”

“ಬರಾಕ ಹತ್ತಿತ್ರಿ.”

“ಅಂಗೇ ಮನೀಕಳಿ, ಎದ್ದೇಳ್ಬೇಡಿ! ಅದೇ ಕೇಳಾನ ಅಂತ ಬಂದೆ.”

ಸ್ವಲ್ಪ ಹೊತ್ತಿಗೆ ಅವಲಕ್ಕಿ ಬೇಕೇ ಎಂದು ಬಂದ. ಮತ್ತೆ, ಫ್ಯಾನಿನ ಗಾಳಿ ಜಾಸ್ತಿಯಾಯಿತೇ ಎಂದು ಬಂದ. ಊಟಕ್ಕೆ ಎಬ್ಬಿಸಿದ. ಊಟವಾದ ಮೇಲೆ, “ಈಗ ನೋಡಿ ಸಾರ್ ಒಳ್ಳೆ ನಿದ್ದೆ ಬರೋದು,” ಎಂದು ಹೇಳಲೆಂದೇ ಎಬ್ಬಿಸಿದ.

ಮರೆಪ್ಪ ಹಿಂಬಾಗಿಲಿನಿಂದ ತಪ್ಪಿಸಿಕೊಂಡ.

ಮಂಟಪದೊಳಗೆ ಯಾರೂ ಇರಲಿಲ್ಲ. ಕಲ್ಲು ತಣ್ಣಗಿತ್ತು. ಮುರಿದ ಸೂರಿನಿಂದ ಬಿಸಿಲು ತುಂಡುತುಂಡಾಗಿ ಇಳಿದು ನೆಲದ ಮೇಲೆ ತೂಕಡಿಸುತ್ತಿತ್ತು. ಗೋಡೆಯ ಮೇಲೆ ಸಾಲಾಗಿ ಕೆತ್ತಿದ ಹಂಸಗಳು, ಒಂದರ ಬಾಲಕ್ಕೆ ಇನ್ನೊಂದರ ಕೊಕ್ಕು. ನೋಡುತ್ತ ನೋಡುತ್ತ ಅವು ನಿಧಾನವಾಗಿ ಎಡದಿಂದ ಬಲಕ್ಕೆ ಚಲಿಸತೊಡಗಿದವು. ಇಷ್ಟು ವರ್ಷದ ಹಿಂದೆ ಇವನ್ನು ಪ್ಯಾಕಿಂಗ್ ಬೆಲ್ಟಿನ ಮೇಲೆ ಇಟ್ಟವರು ಯಾರು ಎಂದು ಯೋಚಿಸುತ್ತ ಮರೆಪ್ಪ ಬಿದ್ದ ಕಂಬವೊಂದಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದ.

“ಎಕ್ಸ್‌ಕ್ಯೂಸ್ ಮಿ, ಇದು ಯಾವ ಆ್ಯಕ್ಟಿವಿಟಿ? ನಮ್ ಪ್ಯಾಕೇಜಲ್ಲಿ ಇದಿಲ್ವಲ್ಲ?”

ಕಣ್ಣು ಬಿಟ್ಟರೆ ಸುತ್ತ ಅತಿಥಿಗಳು. ಪಾಳು ಮಂಟಪ ತೋರಿಸಲು ಎಲ್ಲರನ್ನೂ ಕರೆತಂದ ರಕ್ಷಿತಾ ತಬ್ಬಿಬ್ಬಾಗಿದ್ದಳು. ಕೇಳಿದವಳು ದೀಪಶ್ರೀ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರು. ಅವಳ ಕಣ್ಣ ಸುತ್ತ ಬಾಣಲೆಯ ಮಸಿಯಂಥ ಕಪ್ಪು.

“ಇದು... ಮಂಟಪ ನಿದ್ರೆ ಮೇಡಂ,” ಎಂದಳು ರಕ್ಷಿತಾ ಗಾಳಿಯಿಂದ ಹೆಸರು ಹಿಡಿದು. “ಸ್ಪೆಷಲ್. ಮರೆಪ್ಪ ಸಾರ್, ಇವ್ರಿಗೂ ಸ್ವಲ್ಪ ಹೇಳ್ಕೊಡ್ತೀರಾ?”

ನೋ ಅನ್ನಬಾರದು.

“ಕಣ್ಣು ಮುಚ್ಚಿದಾಗ ನಿಮ್ಗೆ ಏನ್ ಕಾಣತ್ತೆ?” ದೀಪಶ್ರೀ ಆಗಲೇ ಕಲ್ಲಿನ ಮೇಲೆ ಶಾಲು ಹಾಸುತ್ತಿದ್ದಳು.

“ಬೆಲ್ಟ್ ಕಾಣತೈತ್ರಿ,” ಎಂದ ಮರೆಪ್ಪ. ಸುಳ್ಳು ಹೇಳುವಷ್ಟೂ ಎಚ್ಚರ ಅವನಲ್ಲಿ ಉಳಿದಿರಲಿಲ್ಲ. “ಬೆಲ್ಟ್ ಮ್ಯಾಲೆ ಮಾತ್ರಿ ಪಟ್ಟಿ ಬರತೈತ್ರಿ. ಪಟ್ಟಿ ಬಂತು. ಡಬ್ಬಿಯಾಗ ಹೋತು. ಡಬ್ಬಿ ಮುಚ್ಚಿತು. ಮುಂದಕ ಹೋತು. ಇನ್ನೊಂದು ಪಟ್ಟಿ ಬಂತು. ಡಬ್ಬಿಯಾಗ ಹೋತು. ಡಬ್ಬಿ ಮುಚ್ಚಿತು. ಮುಂದಕ ಹೋತು...”

ಮೊದಲು ತಮಿಳು ಗಂಡಸು ವಾಲಿದ. ಅವನ ಭುಜದ ಮೇಲೆ ಹೆಂಡತಿ. ಪಟ್ಟಿ ಬಂತು. ದೀಪಶ್ರೀಯ ಹಣೆಯ ಗೆರೆಗಳು ಒಂದೊಂದಾಗಿ ಅಳಿಸಿಹೋದವು. ಡಬ್ಬಿ ಮುಚ್ಚಿತು. ರಕ್ಷಿತಾ ಕೂತಲ್ಲೇ ತೂಗಿ ಹುಲ್ಲಿಗೆ ಒರಗಿದಳು. ಮಜ್ಜಿಗೆ ಬೇಕೇ ಎಂದು ಕೇಳಲು ಬಂದ ಮುನಿಯಣ್ಣ ಲೋಟ ಹಿಡಿದುಕೊಂಡೇ ಕಂಬಕ್ಕೆ ಆನಿಕೊಂಡು ಗೊರಕೆ ಹೊಡೆದ. ಕೆರೆಯ ಮೇಲಿನ ಗಾಳಿಯೂ ನಿಂತಿತು. ಇಡೀ ಮಂಟಪ ಅದೆಷ್ಟೋ ವರ್ಷಗಳ ಹಿಂದಿನ ಯಾವುದೋ ಮಧ್ಯಾಹ್ನಕ್ಕೆ ಮರಳಿ ಹೋದಂತಿತ್ತು.

ಇನ್ನು ನನ್ನ ಸರದಿ ಎಂದು ಮರೆಪ್ಪ ಮಾತು ನಿಲ್ಲಿಸಿ ಅಡ್ಡಾದ.

“ಬೆಲ್ಟ್ ಯಾಕೆ ನಿಂತೋಯ್ತು?” ದೀಪಶ್ರೀ ಕಣ್ಣು ಮುಚ್ಚಿಕೊಂಡೇ ಮುಲುಗಿದಳು. ಸುತ್ತಲಿನವರೂ ಮಿಸುಕಿದರು.

ಮರೆಪ್ಪ ಎದ್ದು ಕೂತ. “ಪಟ್ಟಿ ಬಂತ್ರಿ. ಡಬ್ಬಿಯಾಗ ಹೋತ್ರಿ...”

ಹಾಗೆ ಎರಡು ಮೂರು ಸಲ ಆಯಿತು. ಒಮ್ಮೆ ಅವನಿಗೇ ಜೊಂಪು ಹತ್ತಿ, ಬಾಯಿ ಅಭ್ಯಾಸಬಲದಿಂದ, “ಈ ಪಟ್ಟಿ ಖಾಲಿ ಐತಿ,” ಅಂದುಬಿಟ್ಟಿತು. ದೀಪಶ್ರೀ ಧಡಕ್ಕನೆ ಎದ್ದು ಕೂತಳು. “ಖಾಲಿ ಹೇಗಾಯ್ತು? ಯಾರ್ ರೆಸ್ಪಾನ್ಸಿಬಲ್? ಮೇಲ್ ಹಾಕಿ!” ಅವಳನ್ನು ಮತ್ತೆ ಮಲಗಿಸಬೇಕಾದರೆ ಮರೆಪ್ಪ ಆ ಪಟ್ಟಿಯನ್ನು ಬೇರೆ ತೆಗೆದಿಟ್ಟು, ಸೂಪರ್‌ವೈಸರಿಗೆ ತೋರಿಸಿ, ಹೊಸ ಪಟ್ಟಿ ತುಂಬಿಸಬೇಕಾಯಿತು. ಆಮೇಲೆ ಒಂದೇ ಒಂದು ತಪ್ಪಾಗದಂತೆ, ಮೈಯೆಲ್ಲ ಕಣ್ಣಾಗಿ ಬೆಲ್ಟು ಓಡಿಸಿದ. ಬಿಸಿಲಿನ ತುಂಡುಗಳು ಗೋಡೆ ಹತ್ತಿ, ಕೆಂಪಾಗಿ, ಆರಿಹೋದವು.

ಎಲ್ಲರೂ ಎದ್ದಾಗ ಅವರ ಮುಖಗಳು ತೊಟ್ಟಿಲಿನಿಂದ ಎತ್ತಿಕೊಂಡ ಕೂಸುಗಳ ಹಾಗಿದ್ದವು. ದೀಪಶ್ರೀ ಮರೆಪ್ಪನ ಕೈ ಹಿಡಿದು ಅತ್ತೇಬಿಟ್ಟಳು. “ಮಗು ಹುಟ್ಟಿದ್ಮೇಲೆ ಇಂಥ ನಿದ್ದೆ ಮಾಡಿಲ್ಲ ಅಣ್ಣ.”

ಮುನಿಯಣ್ಣನ ಸಂತೋಷಕ್ಕೆ ಎಣೆಯಿರಲಿಲ್ಲ. “ಏನ್ ಬೇಕು ಕೇಳಿ ಸಾರ್!”

“ಆ ಮಂಚದ ಮ್ಯಾಲೆ ಮುಂಜಾನಿತನ ಬಿಡ್ರಿ. ಯಾರೂ ಬಾಗಲಾ ಬಡೀಬ್ಯಾಡ್ರಿ.”

“ಅಷ್ಟೇಯಾ? ಮನೀಕಳಿ! ಬಾಗಿಲಿಗೆ ನಾನೇ ಕಾವಲು. ಒಂದ್ ನೊಣ ಬಿಡಾಕಿಲ್ಲ.”

ಇನ್ನು ಉಳಿದದ್ದು ರಾತ್ರಿಯ ಡ್ಯೂಟಿಗೆ ರಜೆ. ಹೇಳದೆ ಗೈರಾದರೆ ಗುತ್ತಿಗೆ ಕೆಲಸಗಾರನಾದ ಅವನ ಕೆಲಸ ಅಲ್ಲಿಗೆ ಮುಗಿಯಿತು. ಮರೆಪ್ಪ ಧೈರ್ಯ ಮಾಡಿ ಶಿವಾನಿ ಮೇಡಂಗೆ ಫೋನ್ ಹಚ್ಚಿದ.

“ಮರೆಪ್ಪ! ಸೂಪರ್ ಫೀಡ್‌ಬ್ಯಾಕ್! ಎಲ್ರನ್ನೂ ಮಲಗಿಸಿಬಿಟ್ರಂತೆ?”

“ಹೌದ್ರಿ. ಇವತ್ತೊಂದ ರಾತ್ರಿ ರಜಾ ಕೊಡ್ರಿ ಮೇಡಂ. ಮಕ್ಕೋಬೇಕ್ರಿ.”

“ರೆಸ್ಟಿಗೆ ಹೋದೋರು ಮತ್ತೆ ರೆಸ್ಟ್ ಕೇಳ್ತೀರಲ್ಲ!” ಮೇಡಂ ನಕ್ಕರು. “ಸರಿ, ಕೊಡ್ತೀನಿ ಬಿಡಿ. ಆ್ಯಪಲ್ಲಿ ಒಂದ್ ಬಟನ್ ಒತ್ತಿದ್ರಾಯ್ತು. ಅದಿರ್ಲಿ, ಅದೇನೋ ಬೆಲ್ಟ್ ಅಂತಲ್ಲ, ನಂಗೂ ಸ್ವಲ್ಪ ಹೇಳಿ ನೋಡೋಣ. ನಿನ್ನೆಯಿಂದ ರಿಪೋರ್ಟ್ ಬರೀತಾ ಕಣ್ಣೇ ಮುಚ್ಚಿಲ್ಲ.”

“ಮೊದಲು ಬಟನ್ ಒತ್ರಿ ಮೇಡಂ.”

“ಒತ್ತುತೀನಿ ಕಣ್ರೀ. ಎರಡೇ ಎರಡು ಡಬ್ಬಿ.”

“ಪಟ್ಟಿ ಬಂತ್ರಿ,” ಎಂದ ಮರೆಪ್ಪ ಅವಸರದಲ್ಲಿ. “ಡಬ್ಬಿಯಾಗ ಹೋತ್ರಿ. ಡಬ್ಬಿ ಮುಚ್ಚಿತ್ರಿ...”

“ಹೂಂ,” ಎಂದರು ಮೇಡಂ. ಮುಂದಿನ ಡಬ್ಬಿಗೆ ಇನ್ನೂ ಉದ್ದದ “ಹೂಂ”. ಆಮೇಲೆ ಬರಿಯ ಉಸಿರು.

“ಮೇಡಂ? ಒತ್ತಿದ್ರೇನ್ರಿ?”

“ಬೆಲ್ಟ್... ನಿಲ್ಲಿಸ್ಬೇಡಿ...”

ಕಟ್ ಮಾಡಿದರೆ ಮೇಡಂ ಸಿಟ್ಟಿನಿಂದ ಏಳುತ್ತಾರೆ. ಕೂಗಿ ಎಬ್ಬಿಸಿದರೆ ಇನ್ನೂ ಸಿಟ್ಟು. ಮರೆಪ್ಪ ಮೆಲ್ಲಗೆ ಡಬ್ಬಿ ಮುಚ್ಚುತ್ತಲೇ ಕತ್ತಲಾಗುವವರೆಗೆ ಕಾದ. ಕೋಣೆಯ ಬಾಗಿಲಲ್ಲಿ ಮುನಿಯಣ್ಣ ದೊಣ್ಣೆ ಹಿಡಿದು ಕಾವಲು ಕೂತಿದ್ದ. ಒಳಗೆ ಮಂಚ ಬೆಳ್ಳಗೆ ಖಾಲಿಯಾಗಿತ್ತು. ಕೊನೆಯ ಬಸ್ಸು ಅತ್ತಿಬೆಲೆಯಿಂದ ಹೊರಡುವ ಹೊತ್ತಾಗುತ್ತಲೇ ಮರೆಪ್ಪ ಚಪ್ಪಲಿ ಮೆಟ್ಟಿ ಓಡಿದ. ಬಸ್ಸಿನಲ್ಲೂ ಫೋನು ಕಿವಿಯಲ್ಲೇ. ಪಟ್ಟಿ ಬಂತು, ಡಬ್ಬಿಯೊಳಗೆ ಹೋಯಿತು. ಅಕ್ಕಪಕ್ಕದ ಸೀಟಿನವರು ತಮ್ಮ ಸ್ಟಾಪುಗಳನ್ನು ದಾಟಿ ಮಲಗಿದ್ದರು.

ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ತಡೆದ. “ಏನ್ ಗುರು, ಬಂದೇಬಿಟ್ಯಾ? ನಿಂಗೆ ರಜೆ ಐತಾ ಇಲ್ವಾ ಅಂತ ಕೇಳಕ್ಕೆ ಸೂಪರ್‌ವೈಸರು ಶಿವಾನಿ ಮೇಡಂಗೆ ಆವಾಗ್ಲಿಂದ ಫೋನ್ ಮಾಡ್ತಾವ್ರೆ. ಬರೀ ಬಿಜಿ ಬತ್ತೈತಂತೆ. ಅದ್ಯಾರ್ ಜೊತೆ ಅಷ್ಟೊತ್ತು ಮಾತಾಡ್ತಾವ್ರೋ! ಸರಿ, ಫೋನ್ ಕೊಡು.”

ಒಳಗೆ ಫೋನು ಒಯ್ಯುವಂತಿರಲಿಲ್ಲ. ಮರೆಪ್ಪ ಅದನ್ನು ತೊಟ್ಟಿಲಿಗೆ ಕೂಸು ಇಳಿಸುವಂತೆ ಲಾಕರಿನಲ್ಲಿ ಮಲಗಿಸಿ, ಸದ್ದಾಗದಂತೆ ಬಾಗಿಲು ಹಾಕಿದ. ಒಳಗಿನಿಂದ ಶಿವಾನಿ ಮೇಡಂ ಅವರ ಗೊರಕೆ ಸಣ್ಣಗೆ, ಸುಖವಾಗಿ ಕೇಳುತ್ತಿತ್ತು. ಒಂದು ಕ್ಷಣ ಅದನ್ನು ಕೇಳಿಸಿಕೊಂಡು, ತಲೆಗೆ ಟೋಪಿ ಏರಿಸಿ ಪ್ಯಾಕಿಂಗ್ ಲೈನಿನ ಕಡೆ ನಡೆದ.