ಜಪಾನಿ ಪರೀಕ್ಷೆಯಲ್ಲಿ ನನ್ನನ್ನು ಫೇಲು ಮಾಡಿಕೊಡುವ ಬಗ್ಗೆ

ಇಂದ:
ಸೀಸೆ ತಪಾಸಣೆ ವಿಭಾಗ, ಎರಡನೇ ಸಾಲು, ಮೂರನೇ ದೀಪದ ಮುಂದೆ ನಿಲ್ಲುವ ಹೆಂಗಸು
(ಹನ್ನೊಂದು ವರ್ಷದಿಂದ ಅಲ್ಲೇ ನಿಂತಿರುವುದರಿಂದ ಹುಡುಕುವುದು ಕಷ್ಟವಿಲ್ಲ)

ಗೆ:
ಸಿಬ್ಬಂದಿ ಅಧಿಕಾರಿಗಳು ಹಾಗೂ ಜಪಾನಿ ತರಗತಿಯ ಪರೀಕ್ಷಾಧಿಕಾರಿಗಳು
(ಎರಡೂ ತಾವೇ ಆದ ಕಾರಣ ಒಂದೇ ಪ್ರತಿ)

ವಿಷಯ: ಆರಂಭಿಕ ಜಪಾನಿ ಪರೀಕ್ಷೆಯಲ್ಲಿ ನನಗೆ ಬಂದಿರುವ ಪ್ರಥಮ ದರ್ಜೆಯನ್ನು ರದ್ದುಪಡಿಸಿ, ಫೇಲು ಮಾಡಿಕೊಡಲು ಕೋರಿ.

ಉಲ್ಲೇಖ: 1) ಕುರ್ಚಿ ಕೋರಿ ನಾನು ಕೊಟ್ಟ ನಾಲ್ಕು ಅರ್ಜಿಗಳು. 2) ಪಾಠ ಒಂಬತ್ತು, 'ಬೇಕು ಎಂದು ಹೇಳುವ ಬಗೆ'. 3) ಪಾಸಾದವರು ತರಗತಿಯ ಕೋಣೆಗೆ ಬರತಕ್ಕದ್ದಲ್ಲ ಎಂಬ ತಮ್ಮ ಸುತ್ತೋಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ದೀಪದ ಮುಂದೆ ಸಾಗಿ ಬರುವ ಔಷಧದ ಸೀಸೆಗಳಲ್ಲಿ ಬಿರುಕು, ಗುಳ್ಳೆ ಕಂಡರೆ ಎತ್ತಿ ಪಕ್ಕಕ್ಕಿಡುವುದು ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ, ನಿಂತುಕೊಂಡು. ಕೂತರೆ ತೂಕಡಿಕೆ ಬರುತ್ತದೆ ಎಂಬುದು ಮೇಲ್ವಿಚಾರಕರ ಅಭಿಪ್ರಾಯ. ಅವರು ಇದನ್ನು ಕೂತುಕೊಂಡೇ ಹೇಳುತ್ತಾರೆ, ಆದ ಕಾರಣ ಅನುಭವದ ಮಾತೇ ಇರಬೇಕು.

2. ನನ್ನ ಎಡಗಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಡಾಕ್ಟರು ನೋಡಿ, "ಕೂತ್ಕೊಂಡು ಮಾಡೋ ಕೆಲಸ ಕೇಳ್ಕೊಳ್ಳಮ್ಮ. ಹಿಂಗೇ ಬಿಟ್ರೆ ಹುಣ್ಣಾಗತ್ತೆ, ಆಮೇಲೆ ನಿಲ್ಲೋಕೂ ಆಗಲ್ಲ" ಎಂದರು. ಅವರ ಚೀಟಿಯನ್ನು ನಾಲ್ಕು ಅರ್ಜಿಗಳ ಜೊತೆ ನಾಲ್ಕು ಸಲ ಲಗತ್ತಿಸಿದೆ. ತಮ್ಮ ಕಚೇರಿಯ ಗುಮಾಸ್ತರು, "ರಜಕ್ಕೆ ನಮೂನೆ ಇದೆ, ಮುಂಗಡಕ್ಕಿದೆ, ಕುರ್ಚಿ ಕೇಳೋದಕ್ಕೆ ನಮೂನೆ ಇಲ್ಲಮ್ಮ" ಎಂದರು.

3. ಅಷ್ಟರಲ್ಲಿ ಕಾರ್ಖಾನೆಯನ್ನು ಜಪಾನಿನವರು ಕೊಂಡುಕೊಂಡರು. ಇಷ್ಟವಿದ್ದವರಿಗೆ ದಿನಕ್ಕೆ ಮುಕ್ಕಾಲು ಗಂಟೆ ಜಪಾನಿ ತರಗತಿ ಎಂದು ತಾವು ಪ್ರಕಟಿಸಿದಾಗ ಮೊದಲು ಹೆಸರು ಬರೆಸಿದವಳು ನಾನು. ಈಗ ನಿಜ ಹೇಳಿಬಿಡುತ್ತೇನೆ. ಜಪಾನ್ ಯಾವ ದಿಕ್ಕಿಗಿದೆ ಎಂಬುದೂ ನನಗೆ ಗೊತ್ತಿಲ್ಲ. ಆ ಕೋಣೆಯಲ್ಲಿ ಕುರ್ಚಿಗಳಿದ್ದವು. ಏಳು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ, ಜ್ವರ ಬಂದ ದಿನವೂ ಹೋದೆ.

ಮನೆಯಲ್ಲಿ ನಮ್ಮತ್ತೆ, "ಈ ವಯಸ್ಸಲ್ಲಿ ಜಪಾನಿ ಕಲಿತು ಯಾರ್ ಹತ್ರ ಮಾತಾಡ್ತೀಯೇ?" ಎಂದು ನಕ್ಕರು.

"ಯಾರ್ ಹತ್ರಾನೂ ಇಲ್ಲ ಅತ್ತೆ. ಸ್ವಲ್ಪ ಹೊತ್ತು ಕೂತ್ಕೊಂಡು ಬರ್ತೀನಿ" ಎಂದೆ. ಅವರು ನನ್ನ ಕಾಲು ನೋಡಿದರು.

4. ಪಾಠ ಒಂಬತ್ತರಲ್ಲಿ ಟೀಚರ್ 'ಬೇಕು' ಎನ್ನುವುದನ್ನು ಕಲಿಸಿದರು. ವಸ್ತು ಬೇಕಾದರೆ 'ಹೊಶೀ', ಏನಾದರೂ ಮಾಡಬೇಕೆನಿಸಿದರೆ ಕ್ರಿಯಾಪದದ ಬಾಲಕ್ಕೆ 'ತಾಯ್'. ಪುಸ್ತಕದ ಉದಾಹರಣೆ ಕ್ಯಾಮೆರಾ, ಆದ್ದರಿಂದ ಆವತ್ತು ನಮ್ಮ ಸಾಲಿನಲ್ಲಿ ಎಲ್ಲರಿಗೂ ಕ್ಯಾಮೆರಾ ಬೇಕಾಯಿತು. ನನ್ನ ಸರದಿ ಬಂದಾಗ "ಇಸು ಗಾ ಹೊಶೀ ದೆಸು" ಎಂದೆ, ಅಂದರೆ ಕುರ್ಚಿ ಬೇಕು. "ಸುವಾರಿತಾಯ್ ದೆಸು" ಎಂದೆ, ಅಂದರೆ ಕೂರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವರ ಮುಂದೆ ಮಾತ್ರ ಹೀಗೆ ನೇರವಾಗಿ ಕೇಳಬಾರದು, 'ಬೇಕೇನೋ ಅನ್ನಿಸ್ತಿದೆ' ಎಂದು ಮೆತ್ತಗೆ ಹೇಳಬೇಕು ಎಂದು ಟೀಚರ್ ತಿದ್ದಿದರು. ಆ ಭಾಗ ನನಗೆ ಮೊದಲೇ ಬರುತ್ತಿತ್ತು. ಹನ್ನೊಂದು ವರ್ಷ ಇಲ್ಲಿ ಕಲಿತದ್ದು ಅದೊಂದೇ.

5. ಜಪಾನಿನಿಂದ ಕಂಪನಿಯ ಹಿರಿಯರೊಬ್ಬರು ಬಂದ ದಿನ ತಾವು ನನ್ನನ್ನು ವೇದಿಕೆಗೆ ಹತ್ತಿಸಿದಿರಿ. ಅದೇ ಎರಡು ವಾಕ್ಯ ಹೇಳಿದೆ. ಅವರೊಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಾಲು ನೋಡಿ, ಯಾಕೆ ಎಂದು ಕೇಳಿದರು. ಇಡೀ ಕಾರ್ಖಾನೆಯಲ್ಲಿ ಯಾಕೆ ಎಂದು ಕೇಳಿದವರು ಅವರೊಬ್ಬರೇ. ನನಗೆ ಅಳು ಬಂತು. ನಾನು ಬಾಯಿ ತೆರೆಯುವುದರೊಳಗೆ ತಾವು ಎದ್ದು ಟೀಚರ್ ಕಿವಿಯಲ್ಲಿ ಏನೋ ಹೇಳಿದಿರಿ, ಟೀಚರ್ ಅದನ್ನು ಅವರಿಗೆ ಜಪಾನಿಯಲ್ಲಿ ಹೇಳಿದರು. ಆಮೇಲೆ ಟೀಚರ್ ತಲೆ ತಗ್ಗಿಸಿಕೊಂಡು ನನಗೂ ಹೇಳಿದರು: "ಈಯಮ್ಮನಿಗೆ ಓದೋ ಆಸೆ ಜಾಸ್ತಿ, ಕ್ಲಾಸಿಗೆ ಒಳ್ಳೆ ಕುರ್ಚಿ ಕೇಳ್ತಿದ್ದಾರೆ, ಅಂತ ಸಾಹೇಬ್ರು ಹೇಳಿಸಿದ್ರು ಕಣಮ್ಮ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಆಗ ನೆನಪಿಗೆ ಬಂತು. ತಮ್ಮನ್ನು ಕುರಿತು ಅಲ್ಲ, ಸುಮ್ಮನೆ ಬಂತು.

6. ಒಂದೇ ವಾರದಲ್ಲಿ ತರಗತಿಗೆ ಹನ್ನೆರಡು ಮೆತ್ತನೆಯ ಕುರ್ಚಿಗಳು ಬಂದವು. ಅದೇ ವಾರ ಪರೀಕ್ಷೆಯ ಫಲಿತಾಂಶವೂ ಬಂತು. ನಾನು ಪ್ರಥಮ ದರ್ಜೆ, ಮೇಲಿನ ತರಗತಿ ಇನ್ನೂ ಶುರುವಾಗಿಲ್ಲ, ಕೆಳಗಿನದಕ್ಕೆ ಪ್ರವೇಶವಿಲ್ಲ. ಬಾಗಿಲ ತನಕ ಹೋದೆ. ವಾಚ್‌ಮನ್ ಅಡ್ಡ ನಿಂತು, "ನೀವು ಪಾಸಾಗ್ಬಿಟ್ರಲ್ಲಕ್ಕ, ಒಳಗೆ ಬಿಡೋ ಹಾಗಿಲ್ಲ" ಎಂದರು.

"ಐದು ನಿಮಿಷ ಕಣಪ್ಪ."

"ಸಾಹೇಬ್ರು ನೋಡಿದ್ರೆ ನಾನು ಮನೆಗೆ ಹೋಗ್ಬೇಕಾಗತ್ತೆ."

ಒಳಗೆ ನಾಲ್ಕು ಜನ ಕೂತಿದ್ದರು. ಎಂಟು ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಸದರಿ ನನ್ನನ್ನು ಫೇಲು ಮಾಡಿ ಅದೇ ತರಗತಿಗೆ ಪುನಃ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಫೇಲಿಗೆ ಕಾರಣ ಕಾಣಿಸಲೇಬೇಕಿದ್ದರೆ, 'ಬೇಕು ಎಂದು ಹೇಳಲು ಈಕೆಗೆ ಬರುವುದಿಲ್ಲ' ಎಂದು ಬರೆಯಬಹುದು. ನನ್ನ ನಾಲ್ಕೂ ಅರ್ಜಿಗಳು ತಮ್ಮ ಕಡತದಲ್ಲೇ ಇದ್ದು ಅದಕ್ಕೆ ಪುರಾವೆಯಾಗುತ್ತವೆ. ಮುಂದೆ ಪ್ರತಿ ವರ್ಷವೂ ತಪ್ಪದೆ ಫೇಲಾಗುತ್ತೇನೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ, ದಡ್ಡಿ ಎನಿಸಿಕೊಳ್ಳಲು ಸಿದ್ಧಳಾಗಿರುವ,
ಮೂರನೇ ದೀಪದವಳು

ಲಗತ್ತುಗಳು:
1) ಪ್ರಥಮ ದರ್ಜೆಯ ಪ್ರಮಾಣಪತ್ರ, ಚೌಕಟ್ಟಿನ ಸಮೇತ (ವಾಪಸು)
2) ಮುಚ್ಚಳಿಕೆ
3) ಡಾಕ್ಟರ ಹೊಸ ಚೀಟಿ. ಹಳೆಯದರಲ್ಲಿ 'ಹುಣ್ಣಾಗಬಹುದು' ಎಂದಿತ್ತು, ಇದರಲ್ಲಿ 'ಆಗಿದೆ' ಎಂದಿದೆ. ಆದ ಕಾರಣ ಫೇಲು ಮಾಡುವುದನ್ನು ಈ ಸೋಮವಾರದೊಳಗೆ ಮಾಡಿಕೊಡಬೇಕಾಗಿ ವಿನಂತಿ.