ನಮ್ಮ ಭಾವನ ಅರ್ಥಿಂಗ್ ಪುರಾಣ

ಲೋಕದ ಜನ ಒಬ್ಬರ ಮನೆಗೆ ಹೋದರೆ ಮನೆಯವರ ಯೋಗಕ್ಷೇಮ ಕೇಳುತ್ತಾರೆ. ನಮ್ಮ ಭಾವ ಪ್ಲಗ್ ಪಾಯಿಂಟಿನ ಯೋಗಕ್ಷೇಮ ಕೇಳುತ್ತಾರೆ! ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಟೆಸ್ಟರ್ ಹೊರಬರುತ್ತದೆ. ಕೊಟ್ಟ ಕಾಫಿ ತಣ್ಣಗಾಗಿ ಕೆನೆ ಕಟ್ಟುವಷ್ಟರಲ್ಲಿ ತೀರ್ಪೂ ಬರುತ್ತದೆ: "ನೋಡಮ್ಮ, ನಿಮ್ಮನೇಲಿ ಅರ್ಥಿಂಗ್ ಸರಿಗಿಲ್ಲ." ಅಕ್ಕನ ಮದುವೆಯಾದಂದಿನಿಂದ ಕೇಳುತ್ತಿದ್ದೇನೆ. ನನಗಂತೂ ಸಾಕಾಗಿದೆ.

ಒಮ್ಮೆ ಸೋದರತ್ತೆಯ ಮಗನಿಗೆ ಹೆಣ್ಣು ನೋಡಲು ಕುಕ್ ಟೌನಿಗೆ ಹೋಗಿದ್ದೆವು. ಹುಡುಗಿ ಕೇಸರಿಬಾತ್ ತಟ್ಟೆ ಹಿಡಿದು ಬಂದಳು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಭಾವ ಮಾತ್ರ ನಾಪತ್ತೆ. ಎಲ್ಲಿದ್ದರು ಅಂತೀರಿ? ಅಡುಗೆಮನೆಯಲ್ಲಿ, ಫ್ರಿಜ್ಜಿನ ಹಿಂದೆ! ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಆ ಮನೆಯ ಅಜ್ಜಿ ಬಾಯಿತಪ್ಪಿ ಹೇಳಿಬಿಟ್ಟಿದ್ದರಂತೆ. ಸಂಬಂಧ ಕೂಡಿಬರಲಿಲ್ಲ. ಆದರೆ ಆ ಮನೆಯಿಂದ ಭಾವನಿಗೆ ಇವತ್ತಿಗೂ ದೀಪಾವಳಿಯ ಸಿಹಿ ಬರುತ್ತದೆ.

ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಮೇಲೆ ಭಾವ ಮರ್ಫಿ ಟೌನಿನ ಮನೆಯಿಂದಲೇ ಹವ್ಯಾಸಿ ನಾಟಕಗಳಿಗೆ ಲೈಟು ಹಾಕತೊಡಗಿದರು. ನಾನೋ ಕೆ.ಆರ್. ಪುರದ ನಮ್ಮ ಕಾಲೊನಿಯ ಕನ್ನಡ ಸಂಘದ ಕಾರ್ಯದರ್ಶಿ. ವರ್ಷಗಟ್ಟಲೆ ನಿಂತುಹೋಗಿದ್ದ ನಾಟಕವನ್ನು ಈ ಸಲ ಮತ್ತೆ ಶುರು ಮಾಡಿದೆವು. ಮುಖ್ಯ ಪಾತ್ರ ಅಕ್ಕನದು. ಕಾಲೇಜು ಬಿಟ್ಟ ಮೇಲೆ ಅವಳು ಬಣ್ಣ ಹಚ್ಚಿರಲಿಲ್ಲ. ಏನೇ ಆಗಲಿ, ಅವಳು ರಂಗದ ಮೇಲೆ ನಿಲ್ಲಲೇಬೇಕೆಂದು ನನಗೆ ಹಟ.

ತಾಲೀಮಿಗೆ ಭಾವ ಒಂದು ಪುಟ್ಟ ಪೆಟ್ಟಿಗೆ ತಂದರು. ಲೈಟು ಏರಿಸಿ ಇಳಿಸುವ ಬೋರ್ಡಿಗೂ ಲೈಟುಗಳಿಗೆ ಕರೆಂಟು ಹಂಚುವ ದೊಡ್ಡ ಡಿಮ್ಮರುಗಳಿಗೂ ನಡುವೆ ಅದನ್ನಿಟ್ಟು ಪಾಠ ಆರಂಭಿಸಿದರು. "ಈ ಸಣ್ಣ ತಂತೀಲಿ ಹೋಗೋದು ಬರೀ ಅಪ್ಪಣೆ. ಪೆಟ್ಟಿಗೆಯೊಳಗೆ ತಂತಿಗೆ ತಂತಿ ಮುಟ್ಟಿಲ್ಲ, ಬೆಳಕು ಮಾತ್ರ ದಾಟತ್ತೆ. ಅಪ್ಪಣೆ ಆ ಕಡೆ ಹೋಗ್ಬೇಕು, ಕರೆಂಟು ಈ ಕಡೆ ಬರ್ಬಾರ್ದು!"

ಅಕ್ಕ ಮಾತು ಬಾಯಿಪಾಠ ಮಾಡುತ್ತಲೇ ಅಂದಳು: "ನಮ್ಮನೇಲೂ ಹಂಗೇ. ನಾನು ಹೇಳಿದ್ದು ಆ ಕಡೆ ಹೋಗತ್ತೆ, ವಾಪಸ್ ಏನೂ ಬರಲ್ಲ."

ಮರುದಿನ ಲೈಟುಗಳೆಲ್ಲ ತಾವೇ ಕುಣಿಯತೊಡಗಿದವು. ನಮ್ಮ ಖಜಾಂಚಿಯವರು ಪರೋಪಕಾರಿ. ಅಪ್ಪಣೆ ಹೋಗುವ ಕೇಬಲ್ಲಿನ ಸುತ್ತ ಇರುವ ಲೋಹದ ಜಾಲರಿಯ ಒಂದು ತುದಿ ಬಿಚ್ಚಿಕೊಂಡಿದೆ ಎಂದುಕೊಂಡು ಅದನ್ನೂ ಬಿಗಿದುಬಿಟ್ಟಿದ್ದರು.

"ಅದು ಬಿಚ್ಚಿದ್ದಲ್ಲ ರೀ, ನಾನೇ ಬಿಟ್ಟಿದ್ದು! ಎರಡೂ ಕಡೆ ಕಟ್ಟಿದ್ರೆ ಬೇಡದ ಕರೆಂಟೆಲ್ಲ ಅದ್ರಲ್ಲೇ ಓಡಾಡತ್ತೆ!"

"ಒಳ್ಳೇದಾಗ್ಲಿ ಅಂತ ಕಟ್ಟಿದೆ ಸಾರ್," ಎಂದರು ಖಜಾಂಚಿ. ಆ ದಿನದ ತಾಲೀಮು ಅಲ್ಲಿಗೆ ಮುಗಿಯಿತು.

ಪ್ರದರ್ಶನ ಇಂದಿರಾನಗರದ ಒಂದು ಹಾಲಿನಲ್ಲಿ. ಒಂಬತ್ತಕ್ಕೆ ಬಾಗಿಲು ಹಾಕುತ್ತಾರೆ, ನಾಟಕ ಎರಡು ಗಂಟೆಯದು. ಏಳಕ್ಕೇ ಶುರುವಾಗಬೇಕು, ತೀರಾ ತಡವಾದರೆ ನಾಟಕವೇ ಇಲ್ಲ. ಆರೂವರೆಗೆ ಭಾವ ಮೇನ್ ಸ್ವಿಚ್ ಇಳಿಸಿಬಿಟ್ಟರು!

"ಇಲ್ಲಿ ಅರ್ಥೇ ಇಲ್ಲ ಕಣ್ರೀ."

ಹಾಲ್ ನೋಡಿಕೊಳ್ಳುವವನಿಗೆ ಸಿಟ್ಟು ಬಂತು. "ಯಾರ್ ಸಾರ್ ಹೇಳಿದ್ದು? ಪ್ಲಗ್ಗಲ್ಲಿ ಮೂರು ತೂತು ಇದೆಯಲ್ಲ!"

ತೂತೇನೋ ಇತ್ತು. ಒಳಗೆ ನೋಡಿದರೆ ಯಾವನೋ ಪುಣ್ಯಾತ್ಮ ನೆಲಕ್ಕಿಳಿಯಬೇಕಾದ ಅರ್ಥಿನ ಪಿನ್ನಿಗೂ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ಲಿಗೂ ತುಂಡು ತಂತಿ ಕಟ್ಟಿ ಕೈತೊಳೆದುಕೊಂಡಿದ್ದ. ಭಾವ ಹಿತ್ತಲಿಗೆ ಹೋಗಿ ಕಬ್ಬಿಣದ ರಾಡು ಹೊಡೆದು, ತಂತಿ ಕಟ್ಟಿ, ಕರೆಂಟು ಸಲೀಸಾಗಿ ಭೂಮಿಗಿಳಿಯಲೆಂದು ನೆಲಕ್ಕೆ ಉಪ್ಪುನೀರು ಸುರಿದು, ಮೀಟರ್ ಇಟ್ಟು ನೋಡಿದರು. ಚೀಲದಲ್ಲಿ ಎರಡು ಕೆಜಿ ಉಪ್ಪು ಹೊತ್ತು ನಾಟಕಕ್ಕೆ ಬರುವವರನ್ನು ನೀವು ಕಂಡಿದ್ದೀರಾ? ಆರು ಐವತ್ತೈದು. ಹಾಲಿನಲ್ಲಿ ಚಪ್ಪಾಳೆ ತಟ್ಟಿ ಅವಸರ ಮಾಡುವವರು ಶುರುವಾದರು. ನನ್ನ ತಾಳ್ಮೆ ಕೆಟ್ಟಿತು.

"ಭಾವ, ನಾಟಕ ಬೇಡ ಅಂತ ಬಾಯಿಬಿಟ್ಟು ಹೇಳಿಬಿಡಿ! ಅಕ್ಕನ ಆಸೆಗೆ ಕಲ್ಲು ಹಾಕೋಕೇ ಬಂದಿದೀರಾ?"

ಅವರು ಸಿಟ್ಟಾಗಲಿಲ್ಲ. "ಐದು ನಿಮಿಷ ಕೊಡಮ್ಮ," ಎಂದು ಪರದೆಯ ಹಿಂದೆ ಹೋದರು.

ಐದು ನಿಮಿಷವಾಯಿತು. ಇನ್ನೊಮ್ಮೆ ಬೈಯಲು ನಾನೂ ಹಿಂದೆ ಹೋದೆ. ರಂಗದ ನಡುವೆ ಕಬ್ಬಿಣದ ಬೋರ್‌ವೆಲ್ ಕೈಪಂಪು. ಅದರಲ್ಲಿ ನಿಜವಾದ ನೀರೇ ಬರಬೇಕೆಂದು ನಿರ್ದೇಶಕರ ಹಟ. ಲೈಟುಗಳ ಕಬ್ಬಿಣದ ಕಂಬ ಅದಕ್ಕೆ ತಗುಲಿಕೊಂಡೇ ನಿಂತಿತ್ತು. ಮೇನ್ ಸ್ವಿಚ್ ಮತ್ತೆ ಏರಿಸಿದ್ದರು, ಎಲ್ಲ ಲೈಟೂ ಉರಿಯುತ್ತಿದ್ದವು. ಭಾವ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರು. ಎರಡೂ ಕೈಗಳನ್ನು ಪಂಪಿನ ಕೆಳಗಿದ್ದ ಕೊಡದ ನೀರಲ್ಲಿ ಅದ್ದಿ, ಮೊದಲು ಕೈಯ ಹಿಂಭಾಗವನ್ನು ಪಂಪಿಗೆ ತಾಗಿಸಿದರು. ಆಮೇಲೆ ಹಿಡಿಯನ್ನು ಮುಷ್ಟಿ ತುಂಬ ಹಿಡಿದು ಒತ್ತಿದರು. ಒಮ್ಮೆಯಲ್ಲ, ಹತ್ತಾರು ಸಲ.

"ಮೀಟರ್ ಇಟ್ಟು ನೋಡಿದ್ರಲ್ಲ ಭಾವ?"

"ಮೀಟರ್ ಸರಿ ಅಂತು," ಎಂದರು. "ಆದ್ರೂ ಒದ್ದೆ ಕೈಯಲ್ಲಿ ಇದನ್ನ ಹಿಡ್ಯೋಳು ನಿಮ್ಮಕ್ಕ ಅಲ್ವೇನಮ್ಮ. ಅವಳಿಗಿಂತ ಮುಂಚೆ ನಾನೊಂದ್ಸಲ ಹಿಡೀಬೇಕು."

ಅಷ್ಟು ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಅವರ ಕೈಗೆ ಟವೆಲ್ ಕೊಟ್ಟು ಹೊರಗೆ ಬಂದೆ.

ಪರದೆ ಏಳುವ ಮುಂಚಿನ ಮೂರನೇ ಗಂಟೆ ಬಾರಿಸಬೇಕಾದವಳು ನಾನೇ. ಕಣ್ಣು ಒರೆಸಿಕೊಂಡು ಬಾರಿಸುವಷ್ಟರಲ್ಲಿ ಇನ್ನೆರಡು ನಿಮಿಷ ತಡವಾಯಿತು. ಆ ಎರಡು ನಿಮಿಷದ ತಪ್ಪು ಮಾತ್ರ ಭಾವನದಲ್ಲ.